ಕ್ಯೂನಲ್ಲಿ ನಿಲ್ಲೋ ಹಕ್ಕಿಗೂ ಒಂದು ಚರಿತ್ರೆ ಇದೆ



ಬರಹ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ನಮ್ಮ ಕೆ.ಆರ್.ಎಸ್. ಬೃಂದಾವನವನ್ನು "ಡಿಸ್ನಿಲ್ಯಾಂಡ್ ಮಾದರಿಯಲ್ಲಿ" ಮಾಡ್ತೀವಿ ಅಂತ 2018ರಿಂದ ಸರ್ಕಾರದವರು ಹೇಳ್ತಾನೇ ಇದ್ದಾರೆ. ಸರ್ಕಾರ ಬದಲಾದರೂ ಆ ಮಾತು ಮಾತ್ರ ಉಳಿದುಕೊಂಡಿದೆ. ರೈತ ಸಂಘದವರು ಅಣೆಕಟ್ಟೆಯ ಸುರಕ್ಷತೆ ಬಗ್ಗೆ ಕೇಳಿದ್ದಾರೆ, ಪರಿಸರದವರು ಕೇಳಿದ್ದಾರೆ. ಅವರ ಪ್ರಶ್ನೆಗಳು ಸರಿಯಾಗೇ ಇವೆ. ಆದ್ರೆ ನಾವು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಈ "ಡಿಸ್ನಿಲ್ಯಾಂಡ್ ಮಾದರಿ" ಅಂದ್ರೆ ಏನು? ಜೈಂಟ್ ವೀಲು, ರೋಲರ್ ಕೋಸ್ಟರು, ಬಣ್ಣದ ಲೈಟು ಅಷ್ಟೇನಾ?

ಅಷ್ಟೇ ಅಲ್ಲ. ಇವತ್ತಿನ ಡಿಸ್ನಿಲ್ಯಾಂಡ್ ಮಾದರಿಯಲ್ಲಿ ಇನ್ನೊಂದು ಸರಕು ಇದೆ. ಅದು ಕ್ಯೂ. ಒಳಗೆ ಹೋಗೋಕೆ ಒಂದು ಟಿಕೆಟ್, ಒಳಗೆ ಹೋದ ಮೇಲೆ ಬೇರೆಯವರನ್ನು ಹಿಂದೆ ಬಿಟ್ಟು ಮುಂದೆ ಹೋಗೋಕೆ ಇನ್ನೊಂದು ಟಿಕೆಟ್. "ಆಟದ ಜಾಗದ ಕ್ಯೂ ಬಗ್ಗೆ ಹೋರಾಟಗಾರರು ತಲೆ ಕೆಡಿಸಿಕೊಳ್ಳಬೇಕಾ ಸಾರ್" ಅಂತ ನಮ್ಮ ಗೆಳೆಯರೊಬ್ಬರು ನಕ್ಕರು. ನಗೋ ವಿಷಯ ಅಲ್ಲ. ಈ ಕ್ಯೂಗೆ ದೊಡ್ಡ ಚರಿತ್ರೆ ಇದೆ, ಅದರಲ್ಲಿ ಜೈಲು ಇದೆ, ಕೋರ್ಟು ಇದೆ, ಮಕ್ಕಳ ಕಣ್ಣೀರು ಇದೆ. ಅದನ್ನು ತಿಳಿದುಕೊಂಡ್ರೆ ನಾವು ಏನು ಕೇಳಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ.

ಟ್ರಾಮ್ ಕಂಪನಿಗಳ ಪಾರ್ಕು

ಅಮೆರಿಕದಿಂದ ಶುರು ಮಾಡೋಣ. ಈ ಥೀಮ್ ಪಾರ್ಕ್ ಅನ್ನೋದು ದೊಡ್ಡದಾಗಿ ಬೆಳೆದದ್ದು ಅಲ್ಲೇ.

19ನೇ ಶತಮಾನದ ಕೊನೆ, 20ನೇ ಶತಮಾನದ ಆರಂಭದಲ್ಲಿ ಅಲ್ಲಿನ ಊರುಗಳಲ್ಲಿ ಟ್ರಾಮ್ ಓಡಿಸೋ ಕಂಪನಿಗಳಿದ್ದವು. ವಾರದ ದಿನ ಕೆಲಸಕ್ಕೆ ಹೋಗೋ ಜನ ಟ್ರಾಮ್ ಹತ್ತುತ್ತಿದ್ದರು, ಭಾನುವಾರ ಗಾಡಿ ಖಾಲಿ. ಅದಕ್ಕೆ ಕಂಪನಿಯವರು ಲೈನಿನ ಕೊನೆಯಲ್ಲಿ ಒಂದು ಪಾರ್ಕ್ ಕಟ್ಟಿದ್ರು. ಮರ, ಕೆರೆ, ಬ್ಯಾಂಡ್ ಸೆಟ್ಟು, ಸುತ್ತೋ ಕುದುರೆ ಆಟ, ಆಮೇಲೆ ರೋಲರ್ ಕೋಸ್ಟರ್. ಇಂಥ ಎಷ್ಟೋ ಪಾರ್ಕುಗಳಲ್ಲಿ ಗೇಟಿನಲ್ಲಿ ದುಡ್ಡು ಇರಲಿಲ್ಲ. ಯಾವ ಆಟ ಆಡ್ತೀರೋ ಅದಕ್ಕೆ ಚಿಲ್ಲರೆ ಕೊಡಬೇಕು. ನಮ್ಮ ಜಾತ್ರೆಯ ಹಾಗೆ ಅಂದ್ಕೊಳ್ಳಿ. ನ್ಯೂಯಾರ್ಕಿನ ಕೋನಿ ಐಲ್ಯಾಂಡ್‌ಗೆ 1920ರಲ್ಲಿ ಸಬ್‌ವೇ ರೈಲು ಬಂದ ಮೇಲೆ ಐದು ಸೆಂಟ್ ಕೊಟ್ಟು ಕೂಲಿಯವರೂ ಸಮುದ್ರ ನೋಡೋಕೆ ಹೋಗ್ತಿದ್ರು. ಬಡವರ ಸ್ವರ್ಗ ಅಂತ ಅದನ್ನು ಹೊಗಳಿ ಬರೆದವರು ಬಹಳ.

ಆದ್ರೆ ಯಾವ ಬಡವರ ಸ್ವರ್ಗ? ಬಹುತೇಕ ಪಾರ್ಕುಗಳ ಗೇಟಿನಲ್ಲಿ, ಇಲ್ಲಾಂದ್ರೆ ಈಜುಕೊಳದ ಬಾಗಿಲಲ್ಲಿ, ಡ್ಯಾನ್ಸ್ ಹಾಲ್‌ನ ಬಾಗಿಲಲ್ಲಿ ಕಪ್ಪು ಜನರಿಗೆ ತಡೆ ಇತ್ತು. ಕೆಲವು ಕಡೆ ವರ್ಷಕ್ಕೆ ಒಂದೋ ಎರಡೋ ದಿನ ಅವರಿಗೇ ಅಂತ ಬಿಡ್ತಿದ್ರು, ಉಳಿದ ದಿನ ಹತ್ತಿರಕ್ಕೂ ಸೇರಿಸ್ತಿರಲಿಲ್ಲ. ನೀರಿನ ವಿಷಯದಲ್ಲಂತೂ ಹೇಳೋದೇ ಬೇಡ. ಕಪ್ಪು ಮೈ ಇಳಿದ ಕೊಳಕ್ಕೆ ಬಿಳಿಯರು ಇಳೀತಿರಲಿಲ್ಲ. ಕೆರೆ ಮುಟ್ಟಿದ್ರೆ ಮೈಲಿಗೆ ಅನ್ನೋದನ್ನು ಕಂಡ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಪ್ಪು ಮನುಷ್ಯ ಪಾರ್ಕಿನ ಒಳಗೆ ಕಾಣಿಸ್ತಾನೇ ಇರಲಿಲ್ಲ ಅಂತಲ್ಲ. "ಆಫ್ರಿಕನ್ ಡಾಡ್ಜರ್" ಅಂತ ಒಂದು ಆಟ ಇತ್ತು. ಒಂದು ಬಟ್ಟೆಯ ಪರದೆ, ಅದರಲ್ಲಿ ಒಂದು ತೂತು, ಆ ತೂತಿನಲ್ಲಿ ಕಪ್ಪು ಮನುಷ್ಯನ ತಲೆ. ಬಿಳಿಯರು ದುಡ್ಡು ಕೊಟ್ಟು ಚೆಂಡು ತಗೊಂಡು ಆ ತಲೆಗೆ ಗುರಿ ಇಟ್ಟು ಹೊಡೀಬೇಕು. ತಾಗಿದ್ರೆ ಬಹುಮಾನ. ಗಿರಾಕಿಯಾಗಿ ಬರೋಕೆ ಆಗದ ಜಾಗಕ್ಕೆ ಅವನು ಆಟದ ಸಾಮಾನಾಗಿ ಬರಬಹುದಿತ್ತು.

ಅಮ್ಮಂದಿರಿಗೆ ಮಕ್ಕಳು ಕೇಳಿದ ಪ್ರಶ್ನೆ

1952. ಓಹಾಯೊ ರಾಜ್ಯದ ಸಿನ್ಸಿನಾಟಿ ಊರು. ಅಲ್ಲೂ ಕೋನಿ ಐಲ್ಯಾಂಡ್ ಅನ್ನೋ ಹೆಸರಿನದೇ ಒಂದು ಪಾರ್ಕ್ ಇತ್ತು. ಮೇರಿಯನ್ ಸ್ಪೆನ್ಸರ್ ಅನ್ನೋ ತಾಯಿಯ ಇಬ್ಬರು ಗಂಡುಮಕ್ಕಳು ಆ ಪಾರ್ಕಿನ ಜಾಹೀರಾತು ಕೇಳಿ ಹೋಗೋಣ ಅಂತ ಹಟ ಹಿಡಿದ್ರು. ತಾಯಿ ಫೋನ್ ಮಾಡಿ ವಿಚಾರಿಸಿದ್ರು: ಎಲ್ಲಾ ಮಕ್ಕಳೂ ಬರಬಹುದಾ? ಆ ಕಡೆಯ ಹುಡುಗಿ, ಹೌದು, ಬರಬಹುದು ಅಂದಳು. ನಾವು ನೀಗ್ರೋಗಳು ಅಂತ ಇವರು ಹೇಳಿದ ಕೂಡಲೇ ಆ ಹೌದು ಇಲ್ಲ ಆಯ್ತು. ಸ್ಪೆನ್ಸರ್ ಅಳುತ್ತಾ ಕೂರಲಿಲ್ಲ, ಸಂಘಟನೆ ಕಟ್ಟಿಕೊಂಡು ಕೋರ್ಟಿಗೆ ಹೋದ್ರು. ಆ ಪಾರ್ಕಿನ ಈಜುಕೊಳ ಮತ್ತು ಡ್ಯಾನ್ಸ್ ಹಾಲ್ ಸಮೇತ ಎಲ್ಲಾ ಬಾಗಿಲೂ ತೆರೆಯೋ ಹೊತ್ತಿಗೆ 1961 ಆಯ್ತು. ಮುಂದೆ ಸಿನ್ಸಿನಾಟಿ ನಗರಸಭೆಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಇವರೇ.

1963ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಕಾಗದ ಪ್ರಪಂಚಕ್ಕೇ ಗೊತ್ತು. ಇನ್ನೂ ಸ್ವಲ್ಪ ಕಾಯಿರಿ ಅಂತ ಬುದ್ಧಿ ಹೇಳಿದ ಪಾದ್ರಿಗಳಿಗೆ ಕೊಟ್ಟ ಉತ್ತರ ಅದು. ಯಾಕೆ ಕಾಯೋಕಾಗಲ್ಲ ಅಂತ ಹೇಳುವಾಗ ಕೊಲೆ, ಪೊಲೀಸ್ ದೌರ್ಜನ್ಯದ ಜೊತೆಯಲ್ಲೇ ಕಿಂಗ್ ಒಂದು ಥೀಮ್ ಪಾರ್ಕಿನ ಮಾತು ತರ್ತಾರೆ. ಟಿವಿಯಲ್ಲಿ ಜಾಹೀರಾತು ನೋಡಿದ ಆರು ವರ್ಷದ ಮಗಳಿಗೆ, ಫನ್‌ಟೌನ್ ಕಪ್ಪು ಮಕ್ಕಳಿಗಲ್ಲ ಅಂತ ಹೇಗೆ ಹೇಳೋದು, ಆ ಮಗುವಿನ ಕಣ್ಣಲ್ಲಿ ನೀರು ತುಂಬೋದನ್ನು ಹೇಗೆ ನೋಡೋದು ಅಂತ ಕೇಳ್ತಾರೆ. ಆಟ ಅಂತ ನಾವು ತಳ್ಳಿಹಾಕೋ ವಿಷಯ ಅವರಿಗೆ ಸಣ್ಣದಾಗಿ ಕಾಣಲಿಲ್ಲ. ಮಗು ತಾನು ಕೀಳು ಅಂತ ಮೊದಲು ಕಲಿಯೋದು ಇಂಥ ಕಡೆಯೇ.

ಟಿಕೆಟ್ ಕೈಯಲ್ಲಿತ್ತು, ಆದರೂ ಅರೆಸ್ಟ್

1960ರ ಜೂನ್ 30. ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡ್‌ನಲ್ಲಿ ಗ್ಲೆನ್ ಎಕೋ ಪಾರ್ಕ್. ಹೋವರ್ಡ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳು ಬಿಳಿಯ ಗೆಳೆಯರ ಜೊತೆ ಒಳಗೆ ಹೋದ್ರು. ಗೆಳೆಯರು ಟಿಕೆಟ್ ಕೊಂಡು ಇವರಿಗೆ ಕೊಟ್ಟರು. ಇವರು ಹೋಗಿ ಸುತ್ತೋ ಕುದುರೆಗಳ ಮೇಲೆ ಕೂತ್ರು, ಅಷ್ಟೇ. ಪಾರ್ಕಿನ ಕಾವಲುಗಾರ ಬಂದ. ಅವನು ಪಾರ್ಕಿನ ಸಂಬಳದವನು, ಆದರೆ ಅವನ ಹತ್ತಿರ ಸರ್ಕಾರದ ಪೊಲೀಸ್ ಬಿಲ್ಲೆಯೂ ಇತ್ತು. ನಿನ್ನ ಜನಾಂಗ ಯಾವುದು ಅಂತ ಒಬ್ಬ ವಿದ್ಯಾರ್ಥಿಯನ್ನು ಕೇಳಿದ. ನಾನು ಮನುಷ್ಯ ಜನಾಂಗಕ್ಕೆ ಸೇರಿದವನು ಅಂದ ಆ ಹುಡುಗ. ಐದು ಜನರನ್ನು ಅತಿಕ್ರಮ ಪ್ರವೇಶ ಅಂತ ಅರೆಸ್ಟ್ ಮಾಡಿದ್ರು.

ಇಲ್ಲಿ ನನಗೆ ಮಹಾಡ್ ನೆನಪಾಗುತ್ತೆ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ 1923ರಲ್ಲೇ ಬಾಂಬೆ ಶಾಸನ ಪರಿಷತ್ತು ಬೋಲೆ ನಿರ್ಣಯ ಒಪ್ಪಿತ್ತು. ಕಾಗದದ ಮೇಲೆ ಹಕ್ಕು ಸಿಕ್ಕಿತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರನ್ನು ಕರೆದುಕೊಂಡು ಹೋಗಿ ಚವದಾರ್ ಕೆರೆಯ ನೀರು ಕುಡಿಯಬೇಕಾಯ್ತು, ಏಟು ತಿನ್ನಬೇಕಾಯ್ತು. ಅಲ್ಲಿ ನಿರ್ಣಯ ಕೈಯಲ್ಲಿತ್ತು, ಇಲ್ಲಿ ಟಿಕೆಟ್ ಕೈಯಲ್ಲಿತ್ತು. ಎರಡೂ ಕಡೆ ಅಷ್ಟು ಸಾಲದಾಯ್ತು.

ಗ್ಲೆನ್ ಎಕೋ ಮುಂದೆ ಆ ಇಡೀ ಬೇಸಿಗೆ ಧರಣಿ ನಡೀತು. ಪಕ್ಕದ ಬ್ಯಾನಕ್‌ಬರ್ನ್ ಬಡಾವಣೆಯ ಬಿಳಿಯರು ಬಂದು ವಿದ್ಯಾರ್ಥಿಗಳ ಜೊತೆ ಬೋರ್ಡ್ ಹಿಡಿದು ನಿಂತ್ರು. ಎದುರುಗಡೆ ಅಮೆರಿಕದ ನಾಜಿ ಪಕ್ಷದವರು ಬಂದು ನಿಂತ್ರು. 1961ರಲ್ಲಿ ಪಾರ್ಕ್ ಎಲ್ಲರಿಗೂ ತೆರೀತು. ಆ ಐವರ ಶಿಕ್ಷೆಯನ್ನು 1964ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು.

ಬಾಲ್ಟಿಮೋರ್ ಹತ್ತಿರದ ಗ್ವಿನ್ ಓಕ್ ಪಾರ್ಕಿನಲ್ಲೂ ಇದೇ ಕತೆ. 1963ರ ಜುಲೈ 4, ಅವರ ಸ್ವಾತಂತ್ರ್ಯ ದಿನ, ಆ ಒಂದೇ ದಿನ 200ಕ್ಕೂ ಹೆಚ್ಚು ಜನ ಅರೆಸ್ಟ್ ಆದ್ರು. ಅವರಲ್ಲಿ ಪಾದ್ರಿಗಳೂ ಇದ್ದರು. ಕೊನೆಗೆ ಪಾರ್ಕ್ ತೆರೆದ ದಿನ ಯಾವುದು ಗೊತ್ತಾ? 1963ರ ಆಗಸ್ಟ್ 28. ವಾಷಿಂಗ್ಟನ್‌ನಲ್ಲಿ ಕಿಂಗ್ ಕನಸಿನ ಭಾಷಣ ಮಾಡ್ತಿದ್ದ ಅದೇ ದಿನ ಶರಾನ್ ಲ್ಯಾಂಗ್ಲಿ ಅನ್ನೋ ವರ್ಷ ತುಂಬದ ಕಪ್ಪು ಮಗುವನ್ನು ಅವಳ ಅಪ್ಪ ಸುತ್ತೋ ಕುದುರೆ ಮೇಲೆ ಕೂರಿಸಿದರು. ಆ ಕುದುರೆ ಆಟವನ್ನು 1981ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್‌ಗೆ ತಂದು ನಿಲ್ಲಿಸಿದ್ರು.

ಈ ಜನ ಕೇಳಿದ್ದು ಏನು ಅಂತ ಒಂದು ನಿಮಿಷ ಯೋಚನೆ ಮಾಡಿ. ನಮ್ಮನ್ನು ಮುಂದೆ ಬಿಡಿ ಅಂತ ಕೇಳಲಿಲ್ಲ. ನಮ್ಮನ್ನೂ ಕ್ಯೂನಲ್ಲಿ ನಿಲ್ಲೋಕೆ ಬಿಡಿ, ನಮ್ಮ ಸರದಿ ಬಂದಾಗ ನಾವೂ ಹತ್ತುತೀವಿ ಅಂದ್ರು. ಮೊದಲು ಬಂದವರು ಮೊದಲು, ಆಮೇಲೆ ಬಂದವರು ಆಮೇಲೆ. ಇಷ್ಟು ಸರಳವಾದ ಸಮಾನತೆ ಬೇರೆ ಎಲ್ಲಿದೆ ಹೇಳಿ? ಕ್ಯೂನಲ್ಲಿ ನಿಂತವನ ಅಪ್ಪನ ಹೆಸರು, ಕೇರಿ, ಬಣ್ಣ ಯಾರೂ ಕೇಳಬಾರದು. ಕೇಳಬೇಕಾದ್ದು ಒಂದೇ, ನೀನು ಯಾವಾಗ ಬಂದೆ ಅಂತ.

25 ಸೆಂಟಿನ ಕಳ್ಳಾಟ

ಬಣ್ಣ ನೋಡಿ ತಡೆಯೋದಕ್ಕೆ ಆಗಲ್ಲ ಅಂತ ಗೊತ್ತಾದ ಮೇಲೆ ಮಾಲೀಕರು ಏನು ಮಾಡಿದ್ರು? ದುಡ್ಡಿನ ವೇಷ ಹಾಕಿದ್ರು.

ಅರ್ಕನ್ಸಾ ರಾಜ್ಯದ ಲಿಟಲ್ ರಾಕ್ ಹತ್ತಿರ ಲೇಕ್ ನಿಕ್ಸನ್ ಅಂತ ಒಂದು ವಿಹಾರ ಜಾಗ. ಈಜು, ದೋಣಿ, ಮಿನಿ ಗಾಲ್ಫ್, ಡ್ಯಾನ್ಸ್. 1964ರ ನಾಗರಿಕ ಹಕ್ಕು ಕಾಯ್ದೆ ಬಂದ ಮೇಲೆ ಮಾಲೀಕರು, ಇದು ಸಾರ್ವಜನಿಕ ಜಾಗ ಅಲ್ಲ, ಖಾಸಗಿ ಕ್ಲಬ್, ಸದಸ್ಯರಿಗೆ ಮಾತ್ರ ಅಂದ್ರು. ಸದಸ್ಯತ್ವದ ಬೆಲೆ 25 ಸೆಂಟ್. ಆ 25 ಸೆಂಟ್ ಕೊಟ್ಟ ಬಿಳಿಯರಿಗೆಲ್ಲಾ ಕಾರ್ಡ್ ಸಿಗ್ತಿತ್ತು, ಒಂದು ಸೀಸನ್‌ಗೆ ಸುಮಾರು 1 ಲಕ್ಷ ಜನ ಬರ್ತಿದ್ರು. ಕಪ್ಪು ಜನ ಕೇಳಿದ್ರೆ ಮಾತ್ರ ಸದಸ್ಯತ್ವ ಭರ್ತಿಯಾಗಿದೆ. 1969ರಲ್ಲಿ ಸುಪ್ರೀಂ ಕೋರ್ಟ್ ಈ ನಾಟಕವನ್ನು ಒಪ್ಪಲಿಲ್ಲ. ಇದು ಕ್ಲಬ್ ಅಲ್ಲ, ಸಾರ್ವಜನಿಕ ಮನರಂಜನೆಯ ಜಾಗ, ಕಾಯ್ದೆ ಇದಕ್ಕೂ ಅನ್ವಯ ಆಗುತ್ತೆ ಅಂತ ತೀರ್ಪು ಕೊಡ್ತು.

ಇಲ್ಲೊಂದು ಹೆಮ್ಮೆಯ ಮಾತು ಹೇಳಲೇಬೇಕು. ಸಾರ್ವಜನಿಕ ಮನರಂಜನೆಯ ಜಾಗಕ್ಕೆ ಜಾತಿ, ಧರ್ಮ, ಜನಾಂಗದ ಕಾರಣಕ್ಕೆ ಯಾರನ್ನೂ ತಡೆಯೋ ಹಾಗಿಲ್ಲ ಅನ್ನೋ ಮಾತು ನಮ್ಮ ಸಂವಿಧಾನದ 15(2)ನೇ ವಿಧಿಯಲ್ಲೇ ಇದೆ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಅಂಗಡಿ, ಹೋಟೆಲ್ ಜೊತೆಯಲ್ಲೇ ಇದೂ ಇದೆ. ಅಮೆರಿಕದವರು 1964ರಲ್ಲಿ ಕಾಯ್ದೆಯಲ್ಲಿ ಬರೆದದ್ದನ್ನು ನಾವು 1950ರಲ್ಲೇ ಸಂವಿಧಾನದಲ್ಲಿ ಬರೆದುಕೊಂಡಿದ್ವಿ. ನಮ್ಮ ಮಕ್ಕಳು ಆಟದ ಜಾಗದಲ್ಲಿ ತಲೆ ಎತ್ತಿ ನಿಲ್ಲೋದು ಬಾವಿಯ ನೀರಿನಷ್ಟೇ ಮುಖ್ಯ ಅಂತ ಅದನ್ನು ಬರೆದವರಿಗೆ ಗೊತ್ತಿತ್ತು.

ಆದ್ರೆ ಆ ವಿಧಿ ಹೆಸರಿಸೋ ಕಾರಣಗಳಲ್ಲಿ ದುಡ್ಡು ಇಲ್ಲ. ಮುಂದಿನ ಕತೆ ನಡೆಯೋದು ಆ ಸಂದಿಯಲ್ಲೇ.

ಬೇಲಿ, ಹೆದ್ದಾರಿ, ಒಂದೇ ಟಿಕೆಟ್

ಊರೊಳಗಿನ ಹಳೇ ಪಾರ್ಕುಗಳು ಎಲ್ಲರಿಗೂ ತೆರೆದುಕೊಂಡ ಕೆಲವೇ ವರ್ಷಗಳಲ್ಲಿ ಒಂದೊಂದಾಗಿ ಮುಚ್ಚಿಕೊಂಡವು. ಗ್ಲೆನ್ ಎಕೋ 1968ರಲ್ಲಿ ಮುಚ್ಚಿತು. ಸಿನ್ಸಿನಾಟಿಯ ಕೋನಿ ಐಲ್ಯಾಂಡಿನ ಆಟಗಳನ್ನು ಊರಾಚೆ ಹೆದ್ದಾರಿ ಪಕ್ಕ ಕಟ್ಟಿದ ಕಿಂಗ್ಸ್ ಐಲ್ಯಾಂಡಿಗೆ ಸಾಗಿಸಿದ್ರು, ಅದು 1972ರಲ್ಲಿ ಶುರುವಾಯ್ತು. ಎಲ್ಲದಕ್ಕೂ ಬಣ್ಣವೇ ಕಾರಣ ಅಂತ ನಾನು ಹೇಳಲ್ಲ. ಸಿನ್ಸಿನಾಟಿಯಲ್ಲಿ ನದಿಯ ಪ್ರವಾಹದ ಕಾಟ ಇತ್ತು, ಟ್ರಾಮ್‌ಗಳು ನಿಂತುಹೋಗಿದ್ದವು, ಎಲ್ಲೆಲ್ಲೂ ಕಾರು ಬಂದಿತ್ತು, ಟಿವಿ ಬಂದಿತ್ತು. ಆದ್ರೆ ಬಿಳಿಯ ಕುಟುಂಬಗಳು ಊರು ಬಿಟ್ಟು ಹೊರವಲಯಕ್ಕೆ ಹೋದದ್ದೂ, ಅವರ ಹಿಂದೆಯೇ ಪಾರ್ಕುಗಳು ಹೋದದ್ದೂ ಇದೇ ಕಾಲದಲ್ಲಿ.

ಹೊಸ ಪಾರ್ಕಿಗೆ ದಾರಿ ತೋರಿಸಿದ್ದು 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ತೆರೆದ ಡಿಸ್ನಿಲ್ಯಾಂಡ್. ಊರಾಚೆ, ಹೆದ್ದಾರಿ ಪಕ್ಕ, ಸುತ್ತಲೂ ಎತ್ತರದ ದಿಬ್ಬ, ಗೇಟಿನಲ್ಲೇ ಟಿಕೆಟ್. ಒಳಗೆ ಆಟಗಳಿಗೆ ಚೀಟಿ ಪುಸ್ತಕ ಇತ್ತು. ಮೊದಲು ಎ, ಬಿ, ಸಿ ಚೀಟಿ, ಮುಂದೆ ಡಿ ಬಂತು, 1959ರಲ್ಲಿ ಇ ಬಂತು. ದೊಡ್ಡ ಆಟಕ್ಕೆ ಇ ಚೀಟಿ ಹರಿದು ಕೊಡಬೇಕು. 1961ರಲ್ಲಿ ಟೆಕ್ಸಾಸ್‌ನಲ್ಲಿ ಸಿಕ್ಸ್ ಫ್ಲ್ಯಾಗ್ಸ್ ಬಂತು. ಗೇಟಿನಲ್ಲಿ ಒಂದೇ ಸಲ ದುಡ್ಡು, ಒಳಗೆ ಎಷ್ಟು ಬೇಕಾದ್ರೂ ಆಡಿ ಅನ್ನೋ ಪದ್ಧತಿಯನ್ನು ಅದು ಹರಡಿತು. ಆ ಹೆಸರಿನ ಆರು ಬಾವುಟಗಳಲ್ಲಿ ಒಂದು, ಗುಲಾಮಗಿರಿ ಉಳಿಸಿಕೊಳ್ಳೋಕೆ ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳ ಒಕ್ಕೂಟದ್ದು. ಅದನ್ನು ಅಲ್ಲಿಂದ ಇಳಿಸಿದ್ದು 2017ರಲ್ಲಿ! ಡಿಸ್ನಿಯವರೂ 1982ರ ಹೊತ್ತಿಗೆ ಚೀಟಿ ಪುಸ್ತಕ ಬಿಟ್ಟು ಒಂದೇ ಟಿಕೆಟ್ಟಿಗೆ ಬಂದ್ರು.

ಕಾರಿಲ್ಲದ ಬಡವರು, ಗೇಟಿನ ದುಡ್ಡಿಲ್ಲದವರು ಬೇಲಿಯಾಚೆಯೇ ಉಳಿದ್ರು, ಅದು ನಿಜ. ಆದ್ರೆ ಹೇಗೋ ಸಾಲ ಸೋಲ ಮಾಡಿ ಒಳಗೆ ಬಂದ ಮೇಲೆ ಒಂದು ಮಾತು ಗಟ್ಟಿ ಇತ್ತು. ಡಾಕ್ಟರ ಮಗನೂ ಕಸ ಗುಡಿಸುವವರ ಮಗನೂ ಒಂದೇ ಕ್ಯೂನಲ್ಲಿ ಒಂದೇ ಬಿಸಿಲಲ್ಲಿ ಒಂದೇ ಹೊತ್ತು ನಿಲ್ಲಬೇಕಿತ್ತು. ಗ್ಲೆನ್ ಎಕೋದ ಹುಡುಗರು ಜೈಲಿಗೆ ಹೋಗಿ ಸಂಪಾದಿಸಿದ್ದರ ಫಲ ಇದು.

ಕ್ಯೂ ಮಾರಾಟಕ್ಕೆ ಬಂತು

1999ರಲ್ಲಿ ಡಿಸ್ನಿಯವರು ಫಾಸ್ಟ್‌ಪಾಸ್ ತಂದ್ರು. ಆಗ ಅದಕ್ಕೆ ದುಡ್ಡಿರಲಿಲ್ಲ. ಮಷಿನ್‌ಗೆ ಟಿಕೆಟ್ ತೋರಿಸಿದ್ರೆ ಇಂಥ ಹೊತ್ತಿಗೆ ಬಾ ಅಂತ ಚೀಟಿ ಕೊಡ್ತಿತ್ತು. ಎಲ್ಲರಿಗೂ ಒಂದೇ ನಿಯಮ. 2013-14ರಲ್ಲಿ ಅದನ್ನು ಫೋನಿಗೆ ತಂದಾಗ ಮೊದಲ ಬಿರುಕು ಬಿಡ್ತು. ಫ್ಲೋರಿಡಾದಲ್ಲಿ ಡಿಸ್ನಿ ಹೋಟೆಲಲ್ಲೇ ಉಳಿದುಕೊಳ್ಳೋರು 60 ದಿನ ಮುಂಚೆ ಕಾದಿರಿಸಬಹುದು, ಉಳಿದವರು 30 ದಿನ ಮುಂಚೆ. ಅಷ್ಟು ಹೊತ್ತಿಗೆ ಒಳ್ಳೇ ಆಟಗಳ ಜಾಗ ಖಾಲಿ. ಕೋವಿಡ್‌ನಲ್ಲಿ ಎಲ್ಲಾ ನಿಂತಿತು. 2021ರ ಅಕ್ಟೋಬರ್‌ನಲ್ಲಿ ಮತ್ತೆ ಬಂದಾಗ ಹೆಸರು ಲೈಟ್ನಿಂಗ್ ಲೇನ್, ಅಂದ್ರೆ ಮಿಂಚಿನ ಸಾಲು. ಆ ಸಾಲಿಗೆ ಸೇರಿಸೋ ಜೀನೀ ಪ್ಲಸ್ ಅನ್ನೋ ಸೇವೆಗೆ ಫ್ಲೋರಿಡಾದಲ್ಲಿ ತಲೆಗೆ ದಿನಕ್ಕೆ 15 ಡಾಲರ್. ಅತಿ ಬೇಡಿಕೆಯ ಆಟಗಳಿಗೆ ಮತ್ತೆ ಬೇರೆ ದುಡ್ಡು. 2024ರ ಕೊನೆಯಲ್ಲಿ ಪ್ರೀಮಿಯರ್ ಪಾಸ್ ಬಂತು, ಕ್ಯಾಲಿಫೋರ್ನಿಯಾದಲ್ಲಿ ಶುರುವಾದಾಗ ಅದರ ಬೆಲೆ ಒಬ್ಬರಿಗೆ ದಿನಕ್ಕೆ 400 ಡಾಲರ್. ಇದು ಗೇಟಿನ ಟಿಕೆಟ್ ಬಿಟ್ಟು!

ಸಿಕ್ಸ್ ಫ್ಲ್ಯಾಗ್ಸ್‌ನವರು ಇನ್ನೂ ಮುಂಚೆಯೇ, 2000ದ ದಶಕದ ಆರಂಭದಲ್ಲೇ ಈ ವ್ಯಾಪಾರಕ್ಕೆ ಇಳಿದಿದ್ರು. ಅವರ ಫ್ಲ್ಯಾಶ್ ಪಾಸ್‌ನಲ್ಲಿ ಮೂರು ದರ್ಜೆ ಇದ್ದವು: ರೆಗ್ಯುಲರ್, ಗೋಲ್ಡ್, ಪ್ಲಾಟಿನಂ. ಚಿನ್ನದವರಿಗೆ ಕಾಯೋ ಹೊತ್ತು ಅರ್ಧ ಆಗ್ತಿತ್ತು, ಪ್ಲಾಟಿನಂನವರಿಗೆ ಹೆಚ್ಚುಕಮ್ಮಿ ಕಾಯೋದೇ ಇರಲಿಲ್ಲ. ಎಲ್ಲರಿಗಿಂತ ಕೆಳಗೆ ಬರೀ ಗೇಟಿನ ಟಿಕೆಟ್ ಇಟ್ಟುಕೊಂಡವರು.

ಶ್ರೇಣೀಕೃತ ಅಸಮಾನತೆ ಅಂತ ಬಾಬಾಸಾಹೇಬರು ಹೇಳಿದ್ದು ಜಾತಿಯ ಬಗ್ಗೆ. ಪಾರ್ಕಿನ ಪಾಸು ಜಾತಿ ಅಲ್ಲ, ಎರಡನ್ನೂ ಒಂದೇ ಅಂತ ನಾನು ಹೇಳಲ್ಲ. ಪಾಸು ಹುಟ್ಟಿನಿಂದ ಬರಲ್ಲ, ಸಂಜೆ ಮನೆಗೆ ಹೋದ ಮೇಲೆ ಅಂಟಿಕೊಂಡಿರಲ್ಲ. ಆದ್ರೆ ಬಾಬಾಸಾಹೇಬರು ಹೇಳಿದ ಒಂದು ಗುಣ ಇಲ್ಲೂ ಇದೆ. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ರೆ ಯಾರೂ ಒಟ್ಟಾಗಿ ತಿರುಗಿ ಬೀಳಲ್ಲ. ಚಿನ್ನದವನಿಗೆ ಪ್ಲಾಟಿನಂ ಮೇಲೆ ಹೊಟ್ಟೆಕಿಚ್ಚು, ಆದ್ರೆ ತನ್ನ ಕೆಳಗೆ ಇಬ್ಬರಿದ್ದಾರೆ ಅನ್ನೋ ಸಮಾಧಾನ. ಕೊನೆಯಲ್ಲಿ ನಿಂತವನಿಗೆ ಅನ್ನಿಸೋದು ಈ ಪದ್ಧತಿ ತಪ್ಪು ಅಂತಲ್ಲ, ಮುಂದಿನ ಸಲ ನಾನೂ ಪಾಸು ತಗೋಬೇಕು ಅಂತ.

ಆ ಅರ್ಧ ಗಂಟೆ ಯಾರದ್ದು?

"ಅವರ ದುಡ್ಡು, ಅವರ ಇಷ್ಟ, ನಿಮ್ಮದೇನು ಹೋಯ್ತು?" ಇದು ಎಲ್ಲರೂ ಕೇಳೋ ಪ್ರಶ್ನೆ. ಲೆಕ್ಕ ಹಾಕಿ ನೋಡೋಣ. ಆಫೀಸಿನಲ್ಲಿ ನನ್ನ ಕೆಲಸ ಲೆಕ್ಕದ್ದೇ, ಅದರಲ್ಲೂ ಕೌಂಟರ್ ಹಿಂದೆ ಕೂರೋನು ನಾನು. ಕಿಟಕಿಯಲ್ಲಿ ಒಬ್ಬರನ್ನು ಪಕ್ಕದಿಂದ ಒಳಗೆ ಬಿಟ್ರೆ ಕ್ಯೂನ ಕೊನೆವರೆಗೂ ಏನಾಗುತ್ತೆ ಅಂತ ದಿನಾ ನೋಡ್ತೀನಿ.

ಒಂದು ಆಟದಲ್ಲಿ ಗಂಟೆಗೆ 500 ಜನ ಕೂರಬಹುದು ಅಂದ್ಕೊಳ್ಳಿ. ನಿಮ್ಮ ಮುಂದೆ 500 ಜನ ಇದ್ದಾರೆ. ಅಲ್ಲಿಗೆ ನೀವು ಒಂದು ಗಂಟೆ ಕಾಯಬೇಕು. ಈಗ ನಿಮ್ಮ ನಂತರ ಬಂದ 250 ಜನ ಪಾಸ್ ತೋರಿಸಿ ನಿಮಗಿಂತ ಮುಂದೆ ಹೋದ್ರು. ನಿಮ್ಮ ಒಂದು ಗಂಟೆ ಒಂದೂವರೆ ಗಂಟೆ ಆಯ್ತು. ಆ ಅರ್ಧ ಗಂಟೆಯಲ್ಲಿ ಇನ್ನಷ್ಟು ಪಾಸಿನವರು ಬಂದ್ರೆ ಮತ್ತೂ ತಡ. ಪಾಸು ಮಾರಿದ್ದರಿಂದ ಆಟಕ್ಕೆ ಒಂದು ಸೀಟೂ ಹೆಚ್ಚಾಗಲಿಲ್ಲ, ಒಂದು ನಿಮಿಷವೂ ಹೊಸದಾಗಿ ಹುಟ್ಟಲಿಲ್ಲ. ಅವರಿಗೆ ಉಳಿದ ಹೊತ್ತು ನಿಮ್ಮಿಂದ ಹೋದ ಹೊತ್ತು. ಅದನ್ನು ಮಾರಿ ದುಡ್ಡು ಜೇಬಿಗೆ ಹಾಕಿಕೊಂಡಿದ್ದು ಕಂಪನಿ. ನಿಮ್ಮನ್ನು ಒಂದು ಮಾತೂ ಕೇಳಲಿಲ್ಲ.

ಇನ್ನೊಂದು ಸಂಗತಿ. ಕ್ಯೂನಲ್ಲಿ ನಿಲ್ಲೋಕೆ ಆಗದವರಿಗೆ, ಅಂಗವಿಕಲರಿಗೆ, ಬೇರೆ ದಾರಿ ಇರಬೇಕಾದ್ದು ನ್ಯಾಯ. ಅಲ್ಲಿ ದಾರಿ ಸಿಗೋದು ಅಗತ್ಯ ನೋಡಿ. ಅದೂ ಏನಾಯ್ತು ಕೇಳಿ. 2013ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಒಂದು ವರದಿ ಮಾಡಿತು. ಅಲ್ಲಿನ ಶ್ರೀಮಂತ ಮನೆತನದವರು ಅಂಗವಿಕಲರೊಬ್ಬರನ್ನು ಗಂಟೆಗೆ 130 ಡಾಲರ್ ಕೊಟ್ಟು ಬಾಡಿಗೆಗೆ ಕರೆದುಕೊಂಡು, ನಮ್ಮ ಮನೆಯವರೇ ಅಂತ ಹೇಳಿ, ಡಿಸ್ನಿ ಪಾರ್ಕಿನ ಕ್ಯೂ ತಪ್ಪಿಸಿಕೊಳ್ತಿದ್ರಂತೆ. ಆ ವರ್ಷವೇ ಡಿಸ್ನಿಯವರು ಅಂಗವಿಕಲರ ಸೌಲಭ್ಯದ ನಿಯಮ ಬಿಗಿ ಮಾಡಿದ್ರು. ಕಳ್ಳಾಟ ಆಡಿದ್ದು ಉಳ್ಳವರು, ಅದರ ಬಿಸಿ ತಟ್ಟಿದ್ದು ನಿಜವಾಗಿ ಕಷ್ಟದಲ್ಲಿದ್ದ ಮಕ್ಕಳಿಗೆ. ಸುಳ್ಳು ಜಾತಿ ಪ್ರಮಾಣಪತ್ರದ ಕತೆ ಗೊತ್ತಿರೋರಿಗೆ ಈ ದಾರಿ ಹೊಸದಲ್ಲ.

ನಮ್ಮ ಕಡೆ

ನಮ್ಮ ದೇಶಕ್ಕೆ ಇಂಥ ಪಾರ್ಕು ಬಂದದ್ದು ತಡವಾಗಿ. 1984ರಲ್ಲಿ ದೆಹಲಿಯ ಅಪ್ಪು ಘರ್, 1989ರಲ್ಲಿ ಮುಂಬೈಯ ಎಸ್ಸೆಲ್ ವರ್ಲ್ಡ್, 2005ರಲ್ಲಿ ನಮ್ಮ ಬಿಡದಿ ಹತ್ತಿರ ವಂಡರ್‌ಲಾ. ಈಗ ವಂಡರ್‌ಲಾದಲ್ಲೂ ಮಾಮೂಲಿ ಟಿಕೆಟ್‌ಗಿಂತ ದುಬಾರಿಯ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಇದೆ. ಕಾನೂನಿನಲ್ಲಿ ತಪ್ಪೇನಿಲ್ಲ, ಬಚ್ಚಿಟ್ಟೂ ಮಾರ್ತಿಲ್ಲ. ನಮ್ಮ ಜನಕ್ಕೆ ಇದು ವಿಚಿತ್ರ ಅಂತಲೂ ಅನ್ನಿಸಲ್ಲ. ಯಾಕಂದ್ರೆ ದೇವರ ಮುಂದೆಯೇ ಎರಡು ಕ್ಯೂ ಕಂಡವರು ನಾವು. ತಿರುಮಲದಲ್ಲಿ 300 ರೂಪಾಯಿಗೆ ವಿಶೇಷ ಪ್ರವೇಶ ದರ್ಶನ ಇದೆ. ದೇವಸ್ಥಾನದ ಬಾಗಿಲಲ್ಲೇ ನಮ್ಮನ್ನು ನಿಲ್ಲಿಸಿದ್ದ ಕಾಲ ಇತ್ತು, ನಾಸಿಕ್‌ನ ಕಾಳಾರಾಮ್ ದೇವಸ್ಥಾನದ ಮುಂದೆ 1930ರಲ್ಲಿ ಶುರುವಾದ ಸತ್ಯಾಗ್ರಹ ವರ್ಷಗಟ್ಟಲೆ ನಡೀತು. ಬಾಗಿಲು ತೆರೆಯೋ ಹೊತ್ತಿಗೆ ಒಳಗಿನ ಕ್ಯೂಗೆ ರೇಟ್ ಬಂದಿತ್ತು.

ಎರಡು ವರ್ಷದ ಹಿಂದೆ ನಮ್ಮ ಹಾಸ್ಟೆಲ್ ಮಕ್ಕಳನ್ನು ಒಂದು ಪಾರ್ಕಿಗೆ ಕರೆದುಕೊಂಡು ಹೋಗಿದ್ವಿ, ಯಾವುದು ಅಂತ ಹೇಳೋದು ಬೇಡ. ದಾನಿಗಳ ಹತ್ತಿರ ಚಂದಾ ಎತ್ತಿ ಟಿಕೆಟ್ ಮಾಡಿಸಿದ್ವಿ. ಬೆಳಗ್ಗೆ ಬಸ್ಸಲ್ಲಿ ಹಾಡು ಹೇಳಿಕೊಂಡು ಹೋದ ಮಕ್ಕಳು ಮಧ್ಯಾಹ್ನದ ಬಿಸಿಲಲ್ಲಿ ಒಂದು ಆಟಕ್ಕೆ ಒಂದೂಕಾಲು ಗಂಟೆ ನಿಂತ್ರು. ಪಕ್ಕದ ಸಾಲಿನಲ್ಲಿ ಕೈಗೆ ಬೇರೆ ಬಣ್ಣದ ಪಟ್ಟಿ ಕಟ್ಟಿಕೊಂಡ ಮಕ್ಕಳು ಬರ್ತಾ ಇದ್ರು, ಹೋಗ್ತಾ ಇದ್ರು, ಒಬ್ಬ ಹುಡುಗ ಎರಡು ಸಲ ಆಡಿ ಬಂದ. ಏಳನೇ ಕ್ಲಾಸಿನ ಹುಡುಗಿ ಒಬ್ಬಳು, "ಅಣ್ಣಾ, ಅವರು ಆಮೇಲೆ ಬಂದ್ರಲ್ವಾ?" ಅಂತ ಕೇಳಿದಳು. ದುಡ್ಡು ಜಾಸ್ತಿ ಕೊಟ್ಟಿದ್ದಾರಮ್ಮ ಅಂದೆ. "ನಾವೂ ಕೊಟ್ಟಿದ್ದೀವಲ್ಲ" ಅಂದಳು. ಬಸ್ಸು ಐದಕ್ಕೆ ಹೊರಡಬೇಕಿತ್ತು, ಆ ದಿನ ನಮ್ಮ ಮಕ್ಕಳು ಆಡಿದ್ದು ನಾಲ್ಕೇ ಆಟ.

ಕಿಂಗ್ ಅವರ ಮಗಳಿಗೆ ಪಾರ್ಕಿನ ಗೇಟೇ ಮುಚ್ಚಿತ್ತು, ನಮ್ಮ ಹುಡುಗಿಯನ್ನು ತಡೀಲಿಲ್ಲ. ಈ ವ್ಯತ್ಯಾಸ ದೊಡ್ಡದು, ಅದನ್ನು ಸಣ್ಣದು ಮಾಡಿದ್ರೆ ಜೈಲಿಗೆ ಹೋದವರಿಗೆ ಅವಮಾನ. ಆದ್ರೆ ತನ್ನ ಹೊತ್ತಿಗೆ ಬೇರೆಯವರ ಹೊತ್ತಿನಷ್ಟು ಬೆಲೆ ಇಲ್ಲ ಅನ್ನೋ ಪಾಠ ಆ ಮಗುವಿಗೆ ಆ ದಿನ ಸಿಕ್ತು. ಅಂಥ ಪಾಠ ನಮ್ಮ ಮಕ್ಕಳಿಗೆ ಬೇರೆ ಕಡೆಯೂ ಸಿಗ್ತಾನೇ ಇರುತ್ತೆ.

"ದುಡ್ಡಿಗೆ ಜಾತಿ ಇಲ್ಲ, ನಮ್ಮ ಹುಡುಗರೂ ದುಡಿದು ಪಾಸು ತಗೊಳ್ಳಲಿ" ಅಂತ ನಮ್ಮಲ್ಲೇ ಕೆಲವರು ಹೇಳ್ತಾರೆ. ತಗೊಳ್ಳಲಿ, ಯಾರೂ ಬೇಡ ಅನ್ನಲ್ಲ. ಆದ್ರೆ ಈ ದೇಶದಲ್ಲಿ ದುಡ್ಡು ಯಾರ ಹತ್ತಿರ ಹೇಗೆ ಸೇರಿಕೊಂಡಿದೆ ಅಂತ ನೋಡಿ. ಭೂಮಿ ಯಾರ ಹೆಸರಲ್ಲಿದೆ, ಮಲದ ಗುಂಡಿಗೆ ಇಳಿಯೋರು ಯಾರು? ಹಾಗಿದ್ದ ಮೇಲೆ ದುಡ್ಡಿನ ಕ್ಯೂ ಮಾಡಿದ್ರೆ ಹಳೇ ಕ್ಯೂನೇ ಹೊಸ ಬಟ್ಟೆ ಹಾಕ್ಕೊಂಡು ನಿಂತಿರುತ್ತೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಸಿದ್ದು ಇದನ್ನೇ: ವೋಟಿನಲ್ಲಿ ಸಮಾನತೆ, ಸಾಮಾಜಿಕ ಆರ್ಥಿಕ ಬದುಕಿನಲ್ಲಿ ಅಸಮಾನತೆ, ಈ ವಿರೋಧಾಭಾಸ ಬಹಳ ದಿನ ನಡೆಯಲ್ಲ ಅಂತ.

ಈಗ ಏನು ಕೇಳಬೇಕು

ಖಾಸಗಿ ಪಾರ್ಕಿನವರು ತಮ್ಮ ಜಾಗದಲ್ಲಿ ವ್ಯಾಪಾರ ಮಾಡ್ತಾರೆ. ಅವರ ಹತ್ತಿರ ಕೇಳೋದು ಕಡಿಮೆ: ಟಿಕೆಟ್ ಕೊಡುವಾಗಲೇ ಎಷ್ಟು ಸೀಟು ಪಾಸಿನವರಿಗೆ ಹೋಗುತ್ತೆ ಅಂತ ಬೋರ್ಡ್ ಹಾಕಿ. ಶಾಲೆ, ಹಾಸ್ಟೆಲ್ ಮಕ್ಕಳು ಗುಂಪಾಗಿ ಬರೋ ದಿನ ಪಾಸು ಮಾರಬೇಡಿ.

ಆದ್ರೆ ಬೃಂದಾವನ ಖಾಸಗಿ ಜಾಗ ಅಲ್ಲ. ಅಣೆಕಟ್ಟೆ ಸರ್ಕಾರದ್ದು, ಅಂದ್ರೆ ನಮ್ಮದು. ಅದಕ್ಕೆ ಕಲ್ಲು ಮಣ್ಣು ಹೊತ್ತವರು ಕೂಲಿ ಜನ. ಇವತ್ತಿಗೂ ಭಾನುವಾರ ಬುತ್ತಿ ಕಟ್ಟಿಕೊಂಡು ಬಸ್ಸಲ್ಲಿ ಬಂದು ಕಾರಂಜಿ ನೋಡಿ ಹೋಗೋ ಜನ ನಮ್ಮವರು. ಅದನ್ನು ಖಾಸಗಿ ಸಹಭಾಗಿತ್ವದಲ್ಲಿ ಕಟ್ಟೋ ಮಾತು ನಡೀತಿದೆ. ಕಟ್ಟಬೇಕೋ ಬೇಡವೋ ಅನ್ನೋದು ಬೇರೆ ಚರ್ಚೆ, ಅದರಲ್ಲಿ ನಾನು ರೈತರ ಜೊತೆ ಇದ್ದೀನಿ. ಆದ್ರೆ ಕಟ್ಟೋದೇ ಆದ್ರೆ ಟೆಂಡರ್ ಷರತ್ತಿನಲ್ಲೇ ಬರೀಬೇಕು: ಪ್ರತಿ ಆಟಕ್ಕೂ ಒಂದೇ ಕ್ಯೂ. ಅಂಗವಿಕಲರು, ವಯಸ್ಸಾದವರು, ಬಸುರಿಯರಿಗೆ ಬಿಟ್ಟು ಯಾರಿಗೂ ಬೇರೆ ದಾರಿ ಇಲ್ಲ. ವಿಐಪಿಗೂ ಇಲ್ಲ, ಶಾಸಕರ ಚೀಟಿಗೂ ಇಲ್ಲ, ದುಡ್ಡಿಗೂ ಇಲ್ಲ. ಕಾಂಟ್ರಾಕ್ಟ್ ಸಹಿ ಆದ ಮೇಲೆ ಕೂಗಿದ್ರೆ ಪ್ರಯೋಜನ ಇಲ್ಲ, ಈಗಲೇ ಕೇಳಬೇಕು.

ಮಂಡ್ಯ, ಮೈಸೂರು ಕಡೆಯ ಸಂಗಾತಿಗಳು ಜಿಲ್ಲಾಧಿಕಾರಿಗಳಿಗೆ, ಪ್ರವಾಸೋದ್ಯಮ ಇಲಾಖೆಗೆ ಕೊಡೋ ಮನವಿಗಳಲ್ಲಿ ಈ ಒಂದು ಸಾಲು ಸೇರಿಸಿ. ಮನವಿಯ ಕರಡು ನಾನು ಟೈಪ್ ಮಾಡಿಕೊಡ್ತೀನಿ, ಬೇಕಾದವರು ಇನ್‌ಬಾಕ್ಸಿಗೆ ಬನ್ನಿ.